ಮುದ್ರೆಯುಂಗುರ

ನಮ್ಮ ಅನ್ನಪೂರ್ಣೇಶ್ವರಿ ನಗರಕ್ಕೆ ಹೊಸದಾಗಿ ಬರುವ ನೆಂಟರಿಗೆ ದಾರಿ ಹೇಳುವುದು ಕೆಲವು ವರ್ಷಗಳ ಹಿಂದೆ ಸಾಹಸದ ಕೆಲಸವೇ ಆಗಿತ್ತು. ನಾಗರಭಾವಿಯವರೆಗೆ ಬನ್ನಿ, ಅಲ್ಲಿಂದ ಮುಂದೆ ಯಾರನ್ನಾದರೂ ಕೇಳಿ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆವು. ಬಂದವರು ನಾಲ್ಕು ಅಡ್ಡರಸ್ತೆ ಸುತ್ತಿ, ಎರಡು ಅಂಗಡಿಗಳಲ್ಲಿ ವಿಚಾರಿಸಿ, ಬೆವರಿಳಿಸಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಈಗ ಆ ಕಷ್ಟ ತಪ್ಪಿದೆ. ಮೊಬೈಲಿನ ಗಾಜನ್ನು ಬೆರಳಿನಿಂದ ಎರಡು ಸಲ ಮುಟ್ಟಿದರೆ ಸಾಕು. ಎಲ್ಲಿಯೋ ನಿಂತಿದ್ದ ಕಾರೋ ಆಟೋರಿಕ್ಷಾವೋ ನಮ್ಮನ್ನು ಹುಡುಕಿಕೊಂಡು ತಾನೇ ಬರುತ್ತದೆ. ಬೆಂಗಳೂರಿಗೆ 2013ರಲ್ಲಿ ಊಬರ್ ಬಂದಿತು. 2022ರಲ್ಲಿ ನಮ್ಮ ಯಾತ್ರಿ ಹುಟ್ಟಿತು. ಈ ನಡುವಿನ ಸುಮಾರು ಹತ್ತು ವರ್ಷಗಳಲ್ಲಿ ನಗರವಾಸಿಗಳ ಸಂಚಾರದ ರೀತಿಯೇ ಬದಲಾಯಿತೆಂದರೆ ಅತಿಶಯೋಕ್ತಿಯಾಗದು. ನನ್ನಂತೆ ವಾಹನ ನಡೆಸಲು ಬಾರದ, ಸಂಜೆಯ ನಾಟಕವನ್ನೂ ಗೋಷ್ಠಿಯನ್ನೂ ಬಿಡಲಾರದ ಹೆಂಗಸರ ಪಾಲಿಗಂತೂ ಇದು ದೊಡ್ಡ ಬಿಡುಗಡೆ.

ಆದರೆ ಬಿಡುಗಡೆಗೂ ಒಂದು ಬೆಲೆಯುಂಟು. ನಮ್ಮ ತಾಯಿಯವರು ತಮ್ಮ ಊರಿನ ಜಟಕಾ ಸಾಬರ ಮಾತನ್ನು ಆಗಾಗ ಎತ್ತುತ್ತಾರೆ. ರೈಲ್ವೆ ಸ್ಟೇಷನ್ನಿನಿಂದ ಮನೆಗೆ ಕರೆತರುತ್ತಿದ್ದವರು ಅವರೊಬ್ಬರೇ. ಅವರಿಗೆ ನಮ್ಮ ಅಜ್ಜ ಗೊತ್ತು, ನಮ್ಮ ಸೋದರಮಾವ ಗೊತ್ತು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟಿದೆ ಎಂಬುದೂ ಗೊತ್ತು. ಕತ್ತಲಲ್ಲಿ ಒಂಟಿಯಾಗಿ ಬಂದಿಳಿದ ಹೆಣ್ಣುಮಗಳನ್ನು ಬಾಗಿಲಿಗೆ ಮುಟ್ಟಿಸಿ, "ಅಮ್ಮಾ, ನಿಮ್ಮ ಮಗಳನ್ನು ತಂದಿದ್ದೀನಿ" ಎಂದು ಕೂಗಿ ಹೇಳಿಯೇ ಅವರು ಕುದುರೆಯನ್ನು ತಿರುಗಿಸುತ್ತಿದ್ದುದು. ಅಲ್ಲಿ ಪರಿಚಯವಿತ್ತು, ಆದುದರಿಂದ ಗುರುತು ಕೇಳುವ ಅಗತ್ಯವಿರಲಿಲ್ಲ. ಇಲ್ಲಿ ಪರಿಚಯವಿಲ್ಲ, ಅದರ ಸ್ಥಾನದಲ್ಲಿ ಗುರುತು ಮಾತ್ರ ಇದೆ: ಒಂದು ಹೆಸರು, ಒಂದು ಭಾವಚಿತ್ರ, ಒಂದು ವಾಹನ ಸಂಖ್ಯೆ. ಗುರುತನ್ನು ಪರಿಚಯವೆಂದು ಭ್ರಮಿಸಿ, ಅದನ್ನು ಪರೀಕ್ಷಿಸದೆ ಹತ್ತಿಬಿಡುವುದೇ ನಮ್ಮ ಕಾಲದ ತಪ್ಪು. ಆ ತಪ್ಪನ್ನು ನಾನೇ ಮಾಡಿದವಳಾದ್ದರಿಂದ ಅಧಿಕಾರವಾಣಿಯಿಂದ ಹೇಳಬಲ್ಲೆ.

ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಿ ಹೊರಬಂದಾಗ ರಾತ್ರಿ ಹತ್ತು ಹತ್ತಿರವಾಗಿತ್ತು. ಮಳೆ ಬಿಡದೆ ಸುರಿಯುತ್ತಿತ್ತು. ಮೊಬೈಲಿನಲ್ಲಿ ಕಾರನ್ನು ಗೊತ್ತುಮಾಡಿ, ಕೊಡೆಯ ಕೆಳಗೆ ಅರ್ಧ ನೆನೆಯುತ್ತ ನಿಂತೆ. ಕಾರು ಬಂದಿತು. ಆದರೆ ಸಂಖ್ಯೆ ಬೇರೆ. ನಾನು ಅನುಮಾನಿಸುತ್ತಿರುವುದನ್ನು ಕಂಡು ಆ ತರುಣ ಗಾಜನ್ನು ಇಳಿಸಿ, "ಆ ಗಾಡಿ ರಿಪೇರಿಗೆ ಹೋಗಿದೆ ಮೇಡಂ, ಇದೂ ನಮ್ಮದೇ. ನೆನೀತಿದೀರಿ, ಬನ್ನಿ" ಎಂದ. ಮುಖವೂ ಮೊಬೈಲಿನಲ್ಲಿದ್ದ ಮುಖದಂತಿರಲಿಲ್ಲ. ಹಿಂದೆ ನಿಂತಿದ್ದ ವಾಹನಗಳ ಸಾಲು ಹಾರನ್ ಬಾರಿಸುತ್ತಿತ್ತು. ಮರ್ಯಾದಸ್ಥನಂತೆ ಕಾಣುವ ಹುಡುಗ. ಮಳೆಯಲ್ಲಿ ನನಗಾಗಿ ಬಂದಿದ್ದಾನೆ. ಇವನನ್ನು ನಂಬುವುದಿಲ್ಲವೆಂದು ಬಾಯಿಬಿಟ್ಟು ಹೇಳುವುದು ಹೇಗೆ? ಹತ್ತಿ ಕುಳಿತೆ.

ಮೈಸೂರು ರಸ್ತೆಯಲ್ಲಿ ನೇರವಾಗಿ ನಾಯಂಡಹಳ್ಳಿಗೆ ಹೋಗಿ, ಅಲ್ಲಿ ಹೊರವರ್ತುಲ ರಸ್ತೆಯನ್ನು ಹಿಡಿಯುವುದು ನನಗೆ ರೂಢಿಯಾದ ಮಾರ್ಗ. ಆತ ಸಿರ್ಸಿ ವೃತ್ತದ ಹತ್ತಿರ ಕಾರನ್ನು ಮಾಗಡಿ ರಸ್ತೆಯ ಕಡೆಗೆ ತಿರುಗಿಸಿದ. ಯಾಕಪ್ಪಾ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಮೊಬೈಲನ್ನು ನೋಡಿದರೆ ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು. ಸುಮನಹಳ್ಳಿ ಬರುವವರೆಗಿನ ಆ ಇಪ್ಪತ್ತು ನಿಮಿಷಗಳಲ್ಲಿ ನಾನು ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟು, ಹೊರಗಿನ ಅಂಗಡಿಗಳ ಬೋರ್ಡುಗಳನ್ನು ಓದುತ್ತ, ಪ್ರತಿಯೊಂದು ದೀಪಕ್ಕೂ ಕೃತಜ್ಞಳಾಗುತ್ತ ಕುಳಿತಿದ್ದೆ. ಕಡೆಗೆ ಮನೆ ಬಂದಿತು. ಏನೂ ಆಗಲಿಲ್ಲ. ನಾಯಂಡಹಳ್ಳಿಯಲ್ಲಿ ನೀರು ನಿಂತಿದೆಯೆಂದು ಸುತ್ತಿ ಬಂದೆನೆಂದು ಆತನೇ ಹೇಳಿದ. ಹೆಸರು ಅಣ್ಣನದು, ಓಡಿಸುವವನು ತಮ್ಮ, ಅಣ್ಣನಿಗೆ ಜ್ವರ. ಚಿಲ್ಲರೆಯನ್ನು ಎಣಿಸಿ ಕೊಟ್ಟು, ಗೇಟು ತೆಗೆಯುವವರೆಗೆ ದೀಪ ಹಾಕಿಕೊಂಡು ನಿಂತಿದ್ದ. ಒಳ್ಳೆಯ ಹುಡುಗ. ಆದರೆ ಅವನು ಒಳ್ಳೆಯವನಾಗಿದ್ದುದು ನನ್ನ ಅದೃಷ್ಟವೇ ಹೊರತು ನನ್ನ ವಿವೇಕವಲ್ಲ.

ಮರುದಿನ ತರಗತಿಯಲ್ಲಿ ರಾಮಾಯಣದ ಪಾಠ. ಅಶೋಕವನದ ಪ್ರಸಂಗ. ಪಾಠ ಮುಗಿದ ಮೇಲೆ ಹಿಂದಿನ ರಾತ್ರಿಯ ಕಥೆಯನ್ನು ನಗೆಯ ಮಾತಾಗಿ ಹೇಳಿದೆ. ಮಕ್ಕಳು ನಕ್ಕರು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಮಾತ್ರ ನಗದೆ ಎದ್ದು ನಿಂತು, "ಮೇಡಂ, ಸೀತೆ ಹನುಮಂತನನ್ನೇ ಅಷ್ಟೊಂದು ಪ್ರಶ್ನೆ ಕೇಳಿದಳು ಅಂತ ಈಗ ತಾನೇ ಹೇಳಿದಿರಿ. ನೀವು ಯಾಕೆ ಕೇಳಲಿಲ್ಲ?" ಎಂದಳು. ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಆ ಪ್ರಶ್ನೆಗೆ ಉತ್ತರ ತಿಳಿಯಲಿಲ್ಲ. ಗಂಟೆ ಹೊಡೆದದ್ದು ನನ್ನ ಪುಣ್ಯ.

ಮನೆಗೆ ಬಂದು ಯೋಚಿಸಿದಾಗ ಉತ್ತರ ಹೊಳೆಯಿತು. ಅದರ ಹೆಸರು ದಾಕ್ಷಿಣ್ಯ. ದಾಕ್ಷಿಣ್ಯವನ್ನು ಕುರಿತು ನಮ್ಮ ಹಳ್ಳಿಗಳಲ್ಲಿ ಒಂದು ಗಾದೆಯುಂಟು. ಪತ್ರಿಕೆಯಲ್ಲಿ ಅಚ್ಚುಹಾಕುವಂಥದಲ್ಲ, ಓದುಗರು ತಾವೇ ನೆನಪಿಸಿಕೊಳ್ಳಬಲ್ಲರು. ಆ ಗಾದೆಯಲ್ಲಿ ಒರಟುತನವಿದ್ದರೂ ಅನುಭವವಿದೆ. ಎದುರಿಗಿರುವವನ ಮನಸ್ಸು ನೋಯಬಾರದೆಂದು ನಾವು ನಮ್ಮ ಕ್ಷೇಮವನ್ನೇ ಒತ್ತೆಯಿಡುತ್ತೇವೆ. ಹೆಣ್ಣುಮಕ್ಕಳಿಗಂತೂ ಇದನ್ನು ಚಿಕ್ಕಂದಿನಿಂದ ಸದ್ಗುಣವೆಂದೇ ಕಲಿಸಿರುತ್ತೇವೆ. ಪಂಚವಟಿಯಲ್ಲಿ ಸೀತೆ ಸನ್ಯಾಸಿಯ ವೇಷದವನನ್ನು ಆದರಿಸಿದ್ದು ಅತಿಥಿಯನ್ನು ಹಾಗೆಯೇ ಕಳಿಸಬಾರದೆಂಬ ಇಂಥದೇ ಮನೋಧರ್ಮದಿಂದಲ್ಲವೆ? ತಪ್ಪು ಅವಳದಲ್ಲ, ವೇಷ ಹಾಕಿದವನದು. ಆದರೆ ಅಶೋಕವನದ ಹೊತ್ತಿಗೆ ಅವಳು ಬೇರೆಯವಳಾಗಿದ್ದಾಳೆ. ರಾಮನ ಹೆಸರು ಹೇಳಿಕೊಂಡು ಬಂದ ದೂತನನ್ನು ನಂಬುವುದಿಲ್ಲ. ಇವನೂ ರಾವಣನ ಮಾಯೆಯಿರಬಹುದೆಂದು ಶಂಕಿಸುತ್ತಾಳೆ. ರಾಮನು ಹೇಗಿದ್ದಾನೆ, ನೀನೇ ಹೇಳು ಎನ್ನುತ್ತಾಳೆ. ಹನುಮಂತ ಸಿಟ್ಟಾಗುವುದಿಲ್ಲ. ಸಮುದ್ರವನ್ನೇ ಹಾರಿ ಬಂದ ನನಗೆ ಈ ಅಪಮಾನವೇ ಎನ್ನುವುದಿಲ್ಲ. ಕೇಳಿದ್ದನ್ನೆಲ್ಲ ವಿವರಿಸಿ, ಮುದ್ರೆಯುಂಗುರವನ್ನು ಮುಂದಿಡುತ್ತಾನೆ. ನಿಜವಾದ ದೂತನಿಗೆ ಗುರುತು ತೋರಿಸಲು ಸಂಕೋಚವಿರುವುದಿಲ್ಲ.

ಬದಲಿ ಬಂದವನ ವಿಷಯದಲ್ಲಿ ಬೆಂಗಳೂರು ಕಲಿತ ಪಾಠ ಕಠೋರವಾದುದು. 2005ರ ಡಿಸೆಂಬರ್ 13ರ ಬೆಳಗಿನ ಜಾವಕ್ಕೆ ಮುನ್ನ, ಹೊರಗುತ್ತಿಗೆ ಕಂಪನಿಯೊಂದರ ಯುವ ಉದ್ಯೋಗಿ ರಾತ್ರಿಪಾಳಿಗೆಂದು ಹೊರಟಿದ್ದಳು. ದಿನವೂ ಕರೆದೊಯ್ಯುತ್ತಿದ್ದ ಚಾಲಕನ ಬದಲು ಇನ್ನೊಬ್ಬ ಬಂದ. ಈ ದಿನ ನಿಮ್ಮನ್ನು ಕರೆದೊಯ್ಯುವ ಕೆಲಸ ನನ್ನದು ಎಂದ. ಅವಳು ಮತ್ತೆ ಹಿಂದಿರುಗಲಿಲ್ಲ. ಅತ್ಯಾಚಾರ ಮಾಡಿ ಕೊಂದ ಆ ಚಾಲಕನಿಗೆ 2010ರಲ್ಲಿ ಬೆಂಗಳೂರಿನ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. 2023ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು 30 ವರ್ಷಗಳ ಸೆರೆವಾಸವೆಂದು ನಿಗದಿಮಾಡಿತು. ಆ ಹೆಣ್ಣುಮಗಳು ಯಾವ ತಪ್ಪನ್ನೂ ಮಾಡಿರಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ಅವಳು ನಂಬಿದ್ದು ತನ್ನ ಕೆಲಸದ ಜಾಗದ ವ್ಯವಸ್ಥೆಯನ್ನು. ಆದುದರಿಂದಲೇ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಕಂಪನಿಯ ಮುಖ್ಯಸ್ಥರ ಮೇಲೆಯೂ ಮೊಕದ್ದಮೆ ಹೂಡಲಾಯಿತು. ಅದನ್ನು ರದ್ದುಮಾಡಬೇಕೆಂಬ ಮನವಿಯನ್ನು ಸುಪ್ರೀಂ ಕೋರ್ಟು 2008ರಲ್ಲಿ ಒಪ್ಪಲಿಲ್ಲ. ರಾತ್ರಿ ಹೊತ್ತು ದುಡಿಸಿಕೊಳ್ಳುವವನಿಗೆ ಮನೆ ಮುಟ್ಟಿಸುವ ಹೊಣೆಯೂ ಉಂಟು ಎಂಬ ಮಾತು ಅಂದಿನಿಂದ ಗಟ್ಟಿಯಾಯಿತು. ಮೊದಲು ಹತ್ತುವವಳಾಗಲಿ ಕೊನೆಯಲ್ಲಿ ಇಳಿಯುವವಳಾಗಲಿ ಒಂಟಿ ಹೆಣ್ಣಾಗಿರಬಾರದು, ಇದ್ದರೆ ಕಾವಲುಗಾರನೊಬ್ಬ ಜೊತೆಗಿರಬೇಕು ಎಂಬ ರೂಢಿ ಹಲವು ಕಂಪನಿಗಳಲ್ಲಿ ಬೇರೂರಿತು.

ಕಂಪನಿಯ ವಾಹನಕ್ಕೆ ಕಾವಲುಗಾರನನ್ನು ಕೂರಿಸಬಹುದು. ನಾವೇ ಕರೆಸಿಕೊಳ್ಳುವ ಬಾಡಿಗೆ ವಾಹನದಲ್ಲಿ ಕಾವಲು ನಮ್ಮದೇ. ಹಾಗಾದರೆ ಕೇಳಬೇಕಾದ ಉಂಗುರ ಯಾವುದು?

ಮೊದಲನೆಯದು ಸಂಖ್ಯೆ. ಮೊಬೈಲಿನಲ್ಲಿ ಬಂದ ಸಂಖ್ಯೆಯೂ ವಾಹನದ ಫಲಕದ ಸಂಖ್ಯೆಯೂ ಅಕ್ಷರಕ್ಕಕ್ಷರ ಒಂದೇ ಆಗಿರಬೇಕು. ನಮ್ಮ ಕಡೆ ಓಡಾಡುವ ವಾಹನಗಳಲ್ಲಿ ಹಲವು ಜ್ಞಾನಭಾರತಿ ಕಛೇರಿಯ ಕೆಎ 41 ಅಥವಾ ರಾಜಾಜಿನಗರದ ಕೆಎ 02 ಎಂದೇ ಆರಂಭವಾಗುವುದರಿಂದ ಆದಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಅಂತ್ಯದ ನಾಲ್ಕು ಅಂಕಿಗಳನ್ನು ಓದಬೇಕು. ಫಲಕದ ಬಣ್ಣವನ್ನೂ ಗಮನಿಸಬೇಕು. ಬಾಡಿಗೆ ಕಾರಿನದು ಹಳದಿ ಫಲಕ, ಕಪ್ಪು ಅಕ್ಷರ. ವಿದ್ಯುತ್ತಿನಿಂದ ಓಡುವ ಬಾಡಿಗೆ ಕಾರಾದರೆ ಹಸಿರು ಫಲಕ, ಹಳದಿ ಅಕ್ಷರ. ಬಿಳಿಯ ಫಲಕದ ಕಾರು ಸ್ವಂತ ಬಳಕೆಗೆಂದು ನೋಂದಾಯಿಸಿದ್ದು. ಎರಡನೆಯದು ಮುಖ. ಚಿತ್ರದಲ್ಲಿರುವವನೇ ಚಕ್ರದ ಹಿಂದೆ ಕುಳಿತಿರಬೇಕು. ಅಣ್ಣನ ಜ್ವರವನ್ನು ಕುರಿತು ಸಹಾನುಭೂತಿ ತೋರಬಹುದು. ಆದರೆ ಆ ಬಾಡಿಗೆಯನ್ನು ರದ್ದುಮಾಡಿ ಇನ್ನೊಂದನ್ನು ಗೊತ್ತುಮಾಡಿಕೊಳ್ಳುವುದೇ ಸರಿ. ಬೀದಿಯಲ್ಲಿ ಕೈತೋರಿಸಿ ನಿಲ್ಲಿಸುವ ಆಟೋಗಳಲ್ಲಿ ಚಾಲಕನ ಆಸನದ ಹಿಂದೆ ಆತನ ಹೆಸರು, ಭಾವಚಿತ್ರಗಳಿರುವ ಪೊಲೀಸರ ಡಿಸ್‌ಪ್ಲೇ ಕಾರ್ಡು ಇರಬೇಕು. ಅದೂ ಒಂದು ಉಂಗುರವೇ.

ಮೂರನೆಯದು ಹೆಸರು. ನನ್ನ ವಿದ್ಯಾರ್ಥಿನಿ ಸೀತೆಯಿಂದ ಕಲಿತ ವಿದ್ಯೆ ಇದು. "ನೀವು ಇಂಥವಳಿಗಾಗಿ ಬಂದವರಲ್ಲವೆ?" ಎಂದು ಕೇಳಿದರೆ ಯಾರು ಬೇಕಾದರೂ ಹೌದೆನ್ನಬಲ್ಲರು. "ಯಾರ ಹೆಸರಿಗೆ ಬಂದಿದ್ದೀರಿ?" ಎಂದು ಕೇಳಬೇಕು. ರಾಮನ ಲಕ್ಷಣವನ್ನು ಸೀತೆ ತಾನೇ ಹೇಳಿಕೊಡಲಿಲ್ಲ. ಹನುಮಂತನ ಬಾಯಿಂದ ಹೇಳಿಸಿದಳು. ಇವೆಲ್ಲವೂ ಹೊಂದಿದ ಮೇಲೆ ನಮ್ಮ ಕಡೆಯ ಗುರುತನ್ನು, ಎಂದರೆ ಮೊಬೈಲಿಗೆ ಬಂದಿರುವ ನಾಲ್ಕಂಕಿಯ ಗುಪ್ತಸಂಖ್ಯೆಯನ್ನು, ಚಾಲಕನಿಗೆ ಹೇಳುವುದು. ಉಂಗುರವನ್ನು ಪಡೆದ ಮೇಲಲ್ಲವೆ ಸೀತೆ ತನ್ನ ಚೂಡಾಮಣಿಯನ್ನು ಬಿಚ್ಚಿ ಕೊಟ್ಟದ್ದು?

ಹತ್ತಿದ ಮೇಲೆಯೂ ಒಂದೆರಡು ಕೆಲಸಗಳುಂಟು. ಕಾರಿನಲ್ಲಿ ಹಿಂದಿನ ಆಸನದಲ್ಲಿ ಕುಳಿತುಕೊಳ್ಳಬೇಕು. ಹೊರಡುವ ಮೊದಲೇ ಬಾಗಿಲು ಒಳಗಿನಿಂದ ತೆರೆಯುವುದೋ ಇಲ್ಲವೋ ಎಂದು ನೋಡಿಕೊಳ್ಳಬೇಕು. ದಾರಿ ಬದಲಾದರೆ ಆಗಲೇ, ಸಹಜವಾದ ದನಿಯಲ್ಲಿ, ಯಾಕೆಂದು ಕೇಳಬೇಕು. ನಾನು ಕೇಳಿದ್ದರೆ ನಾಯಂಡಹಳ್ಳಿಯ ನೀರಿನ ಸಂಗತಿ ಸಿರ್ಸಿ ವೃತ್ತದಲ್ಲಿಯೇ ತಿಳಿಯುತ್ತಿತ್ತು. ಇಪ್ಪತ್ತು ನಿಮಿಷದ ನರಕ ತಪ್ಪುತ್ತಿತ್ತು. ಉತ್ತರ ಸಮಾಧಾನಕರವಾಗಿರದಿದ್ದರೆ ಜನರಿರುವ, ಬೆಳಕಿರುವ ಜಾಗದಲ್ಲಿ ನಿಲ್ಲಿಸಲು ಹೇಳಬೇಕು. ನಿಲ್ಲಿಸದಿದ್ದರೆ 112ಕ್ಕೆ ಕರೆಮಾಡಬೇಕು. ಅದು ಪೊಲೀಸರನ್ನು ಕರೆಯುವ ತುರ್ತು ಸಂಖ್ಯೆ. ಇವೆಲ್ಲಕ್ಕೂ ಮೊಬೈಲಿನಲ್ಲಿ ಜೀವವಿರಬೇಕೆಂಬುದನ್ನು, ನಾಟಕ ಮುಗಿಯುವ ಹೊತ್ತಿಗೆ ಬ್ಯಾಟರಿಯನ್ನೆಲ್ಲ ಖರ್ಚುಮಾಡಿಕೊಂಡಿದ್ದ ನಾನು ಹೇಳಬೇಕಾಗಿಲ್ಲ.

ಸೀತೆಯ ಕಥೆಯಲ್ಲಿ ಇನ್ನೊಂದು ಪಾಠವಿದೆ. ರಾವಣ ಎತ್ತಿಕೊಂಡು ಹೋಗುವಾಗ ಅವಳು ತನ್ನ ಒಡವೆಗಳನ್ನು ಸೆರಗಿನಲ್ಲಿ ಕಟ್ಟಿ, ಬೆಟ್ಟದ ಮೇಲೆ ಕುಳಿತಿದ್ದ ವಾನರರ ನಡುವೆ ಎಸೆದಳು. ತಾನು ಯಾವ ದಿಕ್ಕಿಗೆ ಹೋಗುತ್ತಿದ್ದೇನೆಂದು ತನ್ನವರಿಗೆ ತಿಳಿಯಲಿ ಎಂಬ ಆಸೆ. ಪ್ರಯಾಣದ ಜಾಡನ್ನು ಮನೆಯವರ ಮೊಬೈಲಿಗೆ ಕಳಿಸುವ ಏರ್ಪಾಡು ಈಗಿನ ಈ ಆಪ್‌ಗಳಲ್ಲಿದೆ. ಅದು ಒಡವೆಯ ಗಂಟಿನ ಕೆಲಸವನ್ನೇ ಮಾಡುತ್ತದೆ. ಆದರೆ ಗಂಟು ಎಸೆದರೆ ಸಾಲದು, ಅದನ್ನು ಜೋಪಾನಮಾಡಿ ತೋರಿಸಲು ಸುಗ್ರೀವನೊಬ್ಬ ಬೇಕು. ಮಗಳು ಜಾಡನ್ನು ಕಳಿಸಿದ್ದಾಳೆ, ತಂದೆ ಕ್ರಿಕೆಟ್ ನೋಡುತ್ತಿದ್ದಾನೆ, ತಾಯಿಯ ಮೊಬೈಲು ಅಡಿಗೆಮನೆಯ ಡಬ್ಬಿಗಳ ಹಿಂದಿದೆ ಎಂದರೆ ಪ್ರಯೋಜನವೇನು? ಒಬ್ಬರು ಎಚ್ಚರವಾಗಿರಬೇಕು. ಹೊತ್ತು ಮೀರಿದರೆ ಕರೆಮಾಡಬೇಕು. ಕರೆ ಬಂದಾಗ, "ಇನ್ನು ಹತ್ತು ನಿಮಿಷಕ್ಕೆ ಪಾಪರೆಡ್ಡಿಪಾಳ್ಯದ ಹತ್ತಿರ ಇರ್ತೀನಿ, ಅಪ್ಪ ಬಂದು ನಿಂತಿರಲಿ" ಎಂದು ಚಾಲಕನಿಗೂ ಕೇಳಿಸುವಂತೆ ಹೇಳುವ ಜಾಣ್ಮೆ ಒಳ್ಳೆಯದು.

ಇಷ್ಟೆಲ್ಲ ಮಾಡಿದರೆ ಭಯವಿಲ್ಲವೆ? ಹಾಗೆಂದು ಹೇಳಿ ಓದುಗರಿಗೆ ಮೋಸಮಾಡಲಾರೆ. 2014ರ ಡಿಸೆಂಬರ್ 5ರ ರಾತ್ರಿ ದೆಹಲಿಯಲ್ಲಿ ಊಬರ್ ಮೂಲಕ ಕಾರು ಕರೆಸಿಕೊಂಡ ತರುಣಿಗೆ ಬಂದದ್ದು ಗೊತ್ತುಮಾಡಿದ ಕಾರೇ, ಚಾಲಕನೂ ಅವನೇ. ದಣಿದಿದ್ದ ಅವಳು ನಿದ್ದೆಹೋದಳು. ಅವನು ದಾರಿ ತಪ್ಪಿಸಿ ಅತ್ಯಾಚಾರ ಮಾಡಿದ. ದಣಿದವರು ವಾಹನದಲ್ಲಿ ನಿದ್ದೆಹೋಗುವುದು ಅಪರಾಧವಲ್ಲ. ಅಲ್ಲಿ ಸೋತದ್ದು ಅವಳ ಎಚ್ಚರವಲ್ಲ, ಅವನನ್ನು ಕಳಿಸಿದವರ ಎಚ್ಚರ. ಕಾರಿನ ಇರವನ್ನು ತಿಳಿಸುತ್ತಿದ್ದುದು ಚಾಲಕನ ಮೊಬೈಲೊಂದೇ. ಅದನ್ನು ಆರಿಸಿದೊಡನೆ ಕಾರೇ ಕಣ್ಮರೆಯಾಯಿತು. ಚಾಲಕನ ಪೂರ್ವಚರಿತ್ರೆಯನ್ನು ಸರಿಯಾಗಿ ಶೋಧಿಸಿರಲಿಲ್ಲವೆಂಬ ಆಕ್ಷೇಪವೂ ಬಂದಿತು. 2015ರ ನವೆಂಬರಿನಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಆ ಘಟನೆಯ ನಂತರವೇ ಆಪ್‌ಗಳಲ್ಲಿ ತುರ್ತು ಗುಂಡಿ ಕಾಣಿಸಿಕೊಂಡದ್ದು. ಕರ್ನಾಟಕ ಸರ್ಕಾರ 2016ರಲ್ಲಿ ಇಂಥ ಕಂಪನಿಗಳಿಗಾಗಿಯೇ ನಿಯಮಗಳನ್ನು ಮಾಡಿ, ಅವು ಪರವಾನಗಿ ಪಡೆಯಬೇಕೆಂದಿತು. ಆ ನಿಯಮಗಳಲ್ಲಿ ಚಾಲಕನಿಗೆ ಕೆಲಸ ನಡೆಯುವಷ್ಟು ಕನ್ನಡ ಬರಬೇಕೆಂಬ ಮಾತೂ ಇರುವುದನ್ನು ಕನ್ನಡದ ಮೇಷ್ಟರಾದ ನಾನು ಮೆಚ್ಚಿಕೊಂಡದ್ದು ಸಹಜ. ಆದರೆ ಅದು ಬರಿಯ ಅಭಿಮಾನದ ಸಂಗತಿಯಲ್ಲ. ದಾರಿ ಯಾಕೆ ಬದಲಾಯಿತೆಂದು ಕೇಳಿದಾಗ ಇಬ್ಬರಿಗೂ ಅರ್ಥವಾಗುವ ಭಾಷೆಯೊಂದಿದ್ದರೆ ಅರ್ಧ ಭಯ ಅಲ್ಲಿಯೇ ಕರಗುತ್ತದೆ. ಕೇಂದ್ರದ ನಿಯಮದಂತೆ 2019ರ ಜನವರಿ 1ರಿಂದ ನೋಂದಣಿಯಾಗುವ ಬಾಡಿಗೆ ಕಾರುಗಳಲ್ಲಿ ಇರವು ತಿಳಿಸುವ ಯಂತ್ರವೂ ತುರ್ತು ಗುಂಡಿಯೂ ವಾಹನಕ್ಕೇ ಜೋಡಣೆಯಾಗಿರಬೇಕು. ಮೂರು ಚಕ್ರದ ಆಟೋಗಳಿಗೂ ಎರಡು ಚಕ್ರದ ವಾಹನಗಳಿಗೂ ಆ ನಿಯಮ ವಿನಾಯಿತಿ ನೀಡಿತು. ಮೆಟ್ರೋ ನಿಲ್ದಾಣದಿಂದ ಮನೆಯವರೆಗಿನ ಕೊನೆಯ ಎರಡು ಮೈಲಿ ನಮ್ಮ ಹುಡುಗಿಯರು ಹೆಚ್ಚಾಗಿ ಹತ್ತುವುದು ಅವುಗಳನ್ನೇ ಎಂಬುದನ್ನು ಮರೆಯಬಾರದು.

ಇತ್ತೀಚೆಗೆ ಜ್ಞಾನಭಾರತಿ ಮೆಟ್ರೋ ನಿಲ್ದಾಣದಿಂದ ಆಟೋ ಹತ್ತುವಾಗ, ಕಲಿತ ಹೊಸ ಪಾಠವನ್ನು ಪ್ರಯೋಗಿಸೋಣವೆಂದು, "ಯಾರ ಹೆಸರಿಗೆ ಬಂದಿದ್ದೀರಪ್ಪಾ?" ಎಂದೆ. ಧ್ವನಿಯಲ್ಲಿ ಸ್ವಲ್ಪ ನಡುಕವಿತ್ತೋ ಏನೋ. ನರೆಗೂದಲಿನ ಆ ಚಾಲಕರು ನನ್ನ ಹೆಸರನ್ನು ಹೇಳಿ, ಮೊಬೈಲನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಬೇಸರವಾಯಿತೇ ಎಂದು ಕೇಳಿದೆ. "ಬೇಸರ ಯಾಕಮ್ಮಾ? ನಮ್ಮ ಮಗಳಿಗೂ ಇದನ್ನೇ ಹೇಳಿದೀನಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಳ್ಳೋನ ಗಾಡೀಲಿ ಕೂರಲೇಬೇಡ ಅಂತ" ಎಂದರು. ಮುಂದೆ ನಾಗರಭಾವಿ ಬರುವವರೆಗೂ ಅವರ ಮಾತು ನಿಲ್ಲಲಿಲ್ಲ. ರಾತ್ರಿ ಕುಡಿದು ಹತ್ತುವವರು, ಇಳಿದು ದುಡ್ಡು ಕೊಡದೆ ಓಡುವವರು, ಊರಾಚೆಯ ಕತ್ತಲಿಗೆ ಕರೆಸಿಕೊಳ್ಳುವವರು, ಇವರನ್ನೆಲ್ಲ ಕಂಡ ಅವರಿಗೆ ತಮ್ಮದೇ ಭಯಗಳಿದ್ದವು. ಹತ್ತುವವಳು ಯಾರೆಂದು ಅವರಿಗೂ ತಿಳಿಯದು. ಸಂಖ್ಯೆ ಕೇಳಿ, ಮುಖ ನೋಡಿ ಹತ್ತುವ ಪ್ರಯಾಣಿಕರನ್ನು ಕಂಡರೆ ಅವರಿಗೆ ಧೈರ್ಯವಂತೆ: ಇವರು ಲೆಕ್ಕ ಇಟ್ಟವರು, ಸುಮ್ಮನೆ ಜಗಳ ಕಾಯುವವರಲ್ಲ ಎಂದು. ಪ್ರಶ್ನೆ ಅಪಮಾನವೆಂಬ ನನ್ನ ಇಷ್ಟು ವರ್ಷದ ನಂಬಿಕೆಯನ್ನು ಅವರು ನಲವತ್ತು ರೂಪಾಯಿ ಬಾಡಿಗೆಯಲ್ಲಿ ಬಿಡಿಸಿದರು.

ಎಚ್ಚರದ ಭಾರವನ್ನೆಲ್ಲ ಹೆಣ್ಣುಮಕ್ಕಳ ಹೆಗಲಿಗೇ ಏಕೆ ಹೊರಿಸುತ್ತೀರಿ ಎಂದು ನನ್ನ ವಿದ್ಯಾರ್ಥಿನಿಯರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಚಾಲಕನನ್ನು ಶೋಧಿಸಿ ಕಳಿಸುವುದು ಕಂಪನಿಯ ಕೆಲಸ. ಅದನ್ನು ಮಾಡಿಸುವುದು ಸರ್ಕಾರದ ಕೆಲಸ. ಬೀದಿಯಲ್ಲಿ ದೀಪ ಉರಿಸುವುದು ನಗರಾಡಳಿತದ ಕೆಲಸ. ಈ ಮೂರರಲ್ಲಿ ಯಾವುದು ತಪ್ಪಿದರೂ ಹುಡುಗಿಯ ಪ್ರಶ್ನೆಯೊಂದೇ ಅವಳನ್ನು ಕಾಯಲಾರದು. ಆದರೆ ಅವರ ಕೆಲಸ ಮುಗಿಯುವವರೆಗೆ ನಾವು ಸಂಜೆಯ ನಾಟಕವನ್ನು ಬಿಟ್ಟು ಮನೆಯಲ್ಲಿ ಕುಳಿತಿರಬೇಕೆ? ಹೊರಗೆ ಹೋಗಬೇಡ ಎಂದು ಮಗಳಿಗೆ ಹೇಳುವುದಕ್ಕಿಂತ, ಕೇಳಿ ಹತ್ತು ಎಂದು ಹೇಳುವುದು ಮೇಲು. ಹೋಗಬೇಡ ಎನ್ನುವುದು ಅವಳನ್ನು ಬಾಗಿಲೊಳಗೆ ಕೂಡಿಹಾಕುತ್ತದೆ. ಕೇಳಿ ಹತ್ತು ಎನ್ನುವುದು ಬಾಗಿಲಿನ ಬೀಗದಕೈಯನ್ನು ಅವಳಿಗೇ ಕೊಡುತ್ತದೆ.

ಕಳೆದ ವಾರ ಕಾಲೇಜಿನ ವಾರ್ಷಿಕೋತ್ಸವ ಮುಗಿಯುವಾಗ ಕತ್ತಲಾಗಿತ್ತು. ಗೇಟಿನ ಹೊರಗೆ ಎರಡನೆಯ ಸಾಲಿನ ಆ ಹುಡುಗಿ ಆಟೋಗಾಗಿ ಕಾಯುತ್ತಿದ್ದಳು. ಬಂದಿತು. ಅವಳು ಬಾಗಿ ಸಂಖ್ಯೆಯನ್ನು ಓದಿದಳು, ಏನೋ ಕೇಳಿದಳು, ಚಾಲಕ ಏನೋ ಹೇಳಿದ, ಹತ್ತಿದಳು. ಹೊರಡುವಾಗ ನನ್ನನ್ನು ಕಂಡು ತಲೆ ಹೊರಹಾಕಿ, "ಮೇಡಂ, ಉಂಗುರ ನೋಡಿದೆ" ಎಂದು ಕೂಗಿದಳು. ಆಟೋದವನಿಗೆ ಅರ್ಥವಾಗದೆ ಒಮ್ಮೆ ಹಿಂದಿರುಗಿ ನೋಡಿದ. ನಾನು ಕೈಬೀಸಿ, ಮುಕ್ಕಾಲು ಗಂಟೆಯ ನಂತರ, ಮನೆ ಮುಟ್ಟಿದೆನೆಂದು ಅವಳ ಎರಡು ಅಕ್ಷರದ ಸಂದೇಶ ಬರುವವರೆಗೂ ಮೊಬೈಲನ್ನು ಕೈಯಲ್ಲಿಯೇ ಹಿಡಿದುಕೊಂಡಿದ್ದೆ.